ಕರ್ತನ ಮೇಜು ಬಿಟ್ಟು ಕೂಡಬ್ಯಾಡ

ಗುಳೇದಗುಡ್ಡ

ಪ್ರೀತಿಯ ಮಗಳೇ,

ಆವತ್ತು ರಾತ್ರಿ ನಿನ್ನ ಗೆಳತಿಯ ರೊಕ್ಕದ ವಿಷಯಕ್ಕೆ ಆದ ಜಗಳ ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ಗೊತ್ತು. ಒಂದು ಮಾತು ಮಾತ್ರ ಹಿಂದಕ್ಕೆ ತಗೋಬೇಕು. "ಯಾವ ಮುಖ ಇಟ್ಕೊಂಡು ನಾಳೆ ಕರ್ತನ ಭೋಜನಕ್ಕ ಹೋಗ್ತೀ" ಅಂದೆ. ಮರುದಿನ ಗುಡಿಯಲ್ಲಿ ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸ ತಗೊಳ್ಳಲು ಎಲ್ಲರೂ ಎದ್ದರೂ ನೀನು ಬೆಂಚು ಬಿಟ್ಟು ಏಳಲೇ ಇಲ್ಲ. ಸಂಜೆ ಪುಣೆ ಬಸ್ ಹತ್ತಿದಿ. ನಾನು ಸಿಟ್ಟಿನಲ್ಲಿ ಆಡಿದ್ದು ಸುವಾರ್ತೆಗೇ ಎದುರಾದ ಮಾತು. ಕ್ಷಮಿಸವ್ವಾ.

ನಿನ್ನ ತಲೆಯಲ್ಲಿ ಬೈಬಲಿನ ಕೊರಿಂಥದವರ ಮೊದಲನೇ ಪತ್ರದ 11:27, ಅಯೋಗ್ಯವಾಗಿ ಆ ರೊಟ್ಟಿ ತಿನ್ನುವವನು ಅಪರಾಧಿ ಅನ್ನುವ ವಚನ, ಕೊರೆಯುತ್ತಿದೆ, ನನಗೆ ಗೊತ್ತು. ಅಲ್ಲಿರುವುದು 'ಅಯೋಗ್ಯವಾಗಿ' ತಿನ್ನುವುದರ ಬಗ್ಗೆ, 'ಅಯೋಗ್ಯರು' ತಿನ್ನುವುದರ ಬಗ್ಗೆ ಅಲ್ಲ. ಅಯೋಗ್ಯವಾಗಿ ಅಂದರೇನು? 21ನೇ ವಚನ ನೋಡು. ಉಳ್ಳವರು ಮೊದಲೇ ಉಂಡು, ಕುಡಿದು ಅಮಲೇರಿ ಕೂತಿದ್ದರು, ಇಲ್ಲದವರು ಹಸಿದೇ ಇದ್ದರು. ಅದಕ್ಕೇ ಆ ಪತ್ರ ಬರೆದ ಪೌಲ 33ರಲ್ಲಿ ಒಬ್ಬರಿಗೊಬ್ಬರು ಕಾಯಿರಿ ಅನ್ನುತ್ತಾನೆ. 28ನ್ನೂ ನಿಧಾನಕ್ಕೆ ಓದು: ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ. ಪರೀಕ್ಷಿಸಿಕೊಂಡು ದೂರ ಕೂಡಲಿ ಅಂತಿಲ್ಲ. ಲೂಕ 22:21ರಲ್ಲಿ, ಯೇಸುವಿನ ಕಡೆಯ ಊಟದಲ್ಲಿ, ಅವನನ್ನು ಹಿಡಿದುಕೊಡುವವನ ಕೈಯೂ ಅದೇ ಮೇಜಿನ ಮೇಲಿತ್ತು. ಕೋಳಿ ಕೂಗುವ ಮುಂಚೆ ಮೂರು ಸಲ 'ಅರಿಯೆ' ಅನ್ನಲಿದ್ದ ಶಿಷ್ಯ ಪೇತ್ರನೂ ಅಲ್ಲೇ ಇದ್ದ. ಯೇಸುವಿಗೆ ಇಬ್ಬರದೂ ಗೊತ್ತಿತ್ತು.

ನನ್ನ ಹೆದರಿಕೆ ಇದೊಂದೇ. ಒಂದು ಭಾನುವಾರ ಬಿಟ್ಟವರಿಗೆ ಮುಂದಿನದಕ್ಕೆ ನಾಚಿಕೆ ಎರಡು ಪಟ್ಟಾಗುತ್ತದೆ. ಆಮೇಲೆ ಪ್ರಾರ್ಥನೆ ನಿಲ್ಲುತ್ತದೆ, ಆಮೇಲೆ ಗುಡಿಯ ಕಡೆ ಕಾಲೇ ಏಳುವುದಿಲ್ಲ. ಮನಸ್ಸು ಸರಿಯಾದ ಮೇಲೆ ಹೋಗ್ತೀನಿ ಅನ್ನುವುದು, ಮೈ ಸ್ವಚ್ಛ ಆದ ಮೇಲೆ ಹೊಳಿಗೆ ಇಳಿತೀನಿ ಅಂದಂಗ.

ನಮ್ಮೂರಲ್ಲಿ ಖಣ ನೇಯ್ದಷ್ಟಕ್ಕೇ ಕೂಲಿ. ಆ ಲೆಕ್ಕ ನಮ್ಮ ರಕ್ತದಲ್ಲಿದೆ. ಆದರೆ ರೋಮಾಪುರ 4:4 ಏನನ್ನುತ್ತದೆ? ದುಡಿದವನಿಗೆ ಬರುವುದು ಸಲ್ಲಬೇಕಾದ ಕೂಲಿ, ಕೃಪೆಯಲ್ಲ. ಯೇಸು ಹೇಳಿದ ಕಥೆಯಲ್ಲಿ ಅಪ್ಪನ ಆಸ್ತಿ ಹಾಳುಮಾಡಿ ಮನೆಗೆ ಮರಳಿದ ದುಂದುಗಾರ ಮಗನೂ ಕೂಲಿ ಕೇಳಲೆಂದೇ ಮಾತು ಜೋಡಿಸಿಕೊಂಡು ಹೊರಟ. ಪಾಪ ಮಾಡಿದ್ದೇನೆ, ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳಾಗಿ ಇಟ್ಟುಕೋ. ಲೂಕ 15:19ನ್ನೂ 21ನ್ನೂ ಪಕ್ಕಪಕ್ಕ ಇಟ್ಟು ನೋಡು, ಮೂರನೇ ಮಾತು ಅಪ್ಪನ ಮುಂದೆ ಬರುವುದೇ ಇಲ್ಲ. ಅಷ್ಟರೊಳಗೆ ಅಪ್ಪ ನಿಲುವಂಗಿ ತರಲು ಹೇಳಿಬಿಟ್ಟಿದ್ದಾನೆ. ಈ ಜಾಗ ಓದಿದಾಗೆಲ್ಲ ನಾನು ಅಲ್ಲೇ ನಿಂತುಬಿಡುತ್ತೇನೆ.

ಶನಿವಾರ ರಾತ್ರಿ ಹತ್ತು ನಿಮಿಷ ಕೂಡು. 103ನೇ ಕೀರ್ತನೆಯ 8ರಿಂದ 14 ಬಾಯಿಬಿಟ್ಟು ಓದು. ಆಮೇಲೆ ಒಂದೇ ತಪ್ಪನ್ನು ಹೆಸರು ಹಿಡಿದು ಹೇಳು. 'ನಾನು ಕೆಟ್ಟವಳು' ಅನ್ನಬ್ಯಾಡ, ಅದರಲ್ಲಿ ಯಾವ ತಪ್ಪೂ ಕಾಣುವುದಿಲ್ಲ. 'ಗೆಳತಿಗೆ ಸುಳ್ಳು ಹೇಳಿ 4,000 ರೂಪಾಯಿ ತಗೊಂಡೆ' ಅನ್ನು. 'ಇದನ್ನು ಬಿಡ್ತೀನಿ, ನೀನು ಅದನ್ನು ಕೊಡು' ಅಂತ ಚೌಕಾಸಿ ಮಾಡಬ್ಯಾಡ. ಎದೆ ಹಗುರಾಗದಿದ್ದರೆ ದೇವರು ಕೇಳಲಿಲ್ಲ ಅಂತ ತಿಳಿಯಬ್ಯಾಡ. ನಂಬಿಕೆ ಅವನ ಮಾತಿನ ಮೇಲೆ, ನಿನ್ನ ಎದೆಯ ಮೇಲಲ್ಲ.

ರೊಕ್ಕ ಮಾತ್ರ ತಿರುಗಿ ಕೊಡಲೇಬೇಕು, ತಿಂಗಳಿಗೆ ಸಾವಿರದಂತೆ ಆದರೂ ಸೈ. ಆದರೆ ತೀರುವ ತನಕ ಕಾಯಬ್ಯಾಡ. ಯೇಸು ಸುಂಕದವನಾದ ಜಕ್ಕಾಯನ ಮನೆಗೆ ಬರುತ್ತೇನೆ ಅಂದದ್ದು ಮೊದಲು, ಅವನು ಮೋಸದಿಂದ ತಗೊಂಡದ್ದರ ನಾಲ್ಕರಷ್ಟು ಕೊಡುತ್ತೇನೆ ಅಂದದ್ದು ಆಮೇಲೆ. ನೋಡು, ಮತ್ತೆ ಉಪದೇಶಕ್ಕೇ ಇಳಿದೆ. ನೀನು ಆ ತಪ್ಪನ್ನು ನೀನಾಗಿಯೇ ಬಂದು ಹೇಳಿದಿ, ಅದು ನನಗೆ ಹೆಮ್ಮೆ. ಅಂದೇ ಹೇಳಬೇಕಿತ್ತು.

ಭಾನುವಾರ ಎದ್ದು ಹೋಗು. ಎಡಗೈ ಮೇಲೆ ಬಲಗೈ ಇಟ್ಟು ಖಾಲಿ ಅಂಗೈ ಚಾಚು, ಕೈಯಲ್ಲಿ ಏನೂ ಇರಬೇಕಾಗಿಲ್ಲ.

ಇಪ್ಪತ್ತು ಕಟಕ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ್ದೇನೆ. ಅರ್ಧ ಆ ಗೆಳತಿಗೆ ಕೊಡು.

ನಿನ್ನ ಅವ್ವ