ಕೈ ಚಾಚಿ ಬಿದ್ದವರೆಲ್ಲ ಕ್ರಿಸ್ತನೇ?

ಸಂಪಾದಕರೇ,

ನಗೆ ಸಿನಿಮಾಗಳಲ್ಲಿ ಕ್ರೈಸ್ತ ವಿಚಾರಗಳನ್ನು ಹುಡುಕುವ ಬಗ್ಗೆ ನಿಮ್ಮ ಸಿನಿಮಾ ಪುರವಣಿಯಲ್ಲಿ ಬಂದ ಲೇಖನ ಓದಿದೆ. ವಿಷಯ ಚೆನ್ನಾಗಿದೆ. ಹುಡುಕಿದ ರೀತಿ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಲೇಖಕರ ಪ್ರಕಾರ ನಾಯಕ ಎರಡೂ ಕೈ ಚಾಚಿ ಬಿದ್ದರೆ ಶಿಲುಬೆ. ಮೂರು ದಿನ ಕಾಣೆಯಾಗಿ ವಾಪಸ್ ಬಂದರೆ ಪುನರುತ್ಥಾನ. ಗೆಳೆಯರಲ್ಲಿ ಒಬ್ಬ ಕೈಕೊಟ್ಟರೆ ಅವನು ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ. ಹೀಗೆ ಎಣಿಸುತ್ತಾ ಹೋದರೆ ಯಾವ ಸಿನಿಮಾ ತಾನೇ ತಪ್ಪಿಸಿಕೊಳ್ಳುತ್ತದೆ? ಬಾಳೆಹಣ್ಣಿನ ಸಿಪ್ಪೆ ಮೇಲೆ ಕಾಲಿಟ್ಟು ಜಾರಿದವನೂ ಕೈ ಚಾಚಿಯೇ ಬೀಳುತ್ತಾನೆ, ಅಲ್ವಾ?

ನಾನು ಚರ್ಚಿನ ಸಂಡೆ ಸ್ಕೂಲಿನಲ್ಲಿ ದೊಡ್ಡ ಮಕ್ಕಳಿಗೆ ಪಾಠ ಮಾಡುವವಳು. ಸಿನಿಮಾ ಹುಚ್ಚೂ ಇದೆ. 'ಮಿಸ್, ಈ ಸಿನಿಮಾದಲ್ಲಿ ಯೇಸು ಯಾರು?' ಅಂತ ಮಕ್ಕಳು ಕೇಳಿದರೆ ನಾನು ಬೇರೆ ಪ್ರಶ್ನೆ ಕೊಡುತ್ತೇನೆ. ಇಲ್ಲಿ ಯಾರಿಗಾದರೂ ತನ್ನ ಯೋಗ್ಯತೆಗೆ ಮೀರಿದ ಒಳ್ಳೆಯದು ಸಿಕ್ಕಿತಾ? ಸಿಕ್ಕಾಗ ಅವನು ಏನು ಮಾಡಿದ? ನಾವು ಕೃಪೆ ಅನ್ನುವುದು ಇದನ್ನೇ. ಗಂಭೀರ ಸಿನಿಮಾಗಳಿಗಿಂತ ನಗೆ ಸಿನಿಮಾಗಳಲ್ಲೇ ನನಗೆ ಇದು ಜಾಸ್ತಿ ಸಿಕ್ಕಿದೆ.

ಚಾಪ್ಲಿನ್ ಅವರ 1923ರ 'ದಿ ಪಿಲ್ಗ್ರಿಮ್' ನೋಡಿ. ಜೈಲಿನಿಂದ ಓಡಿಬಂದ ಕೈದಿ ಪಾದ್ರಿಯೊಬ್ಬರ ಬಟ್ಟೆ ಕದ್ದು ಹಾಕಿಕೊಳ್ಳುತ್ತಾನೆ. ಟೆಕ್ಸಾಸ್‌ನ ಒಂದು ಊರಿನವರು ಇವನನ್ನೇ ತಮ್ಮ ಹೊಸ ಪಾದ್ರಿ ಅಂದುಕೊಳ್ಳುತ್ತಾರೆ. ಈಗ ಚರ್ಚಿನಲ್ಲಿ ಪ್ರಸಂಗ, ಅಂದರೆ ಧರ್ಮೋಪದೇಶ, ಮಾಡಲೇಬೇಕು. ಬೈಬಲಿನ ದಾವೀದ ಮತ್ತು ಗೊಲ್ಯಾತನ ಕಥೆಯನ್ನು ಕೈ, ಕಾಲು, ಮುಖದಲ್ಲೇ ಆಡಿ ತೋರಿಸುತ್ತಾನೆ. ಮುಗಿದ ಮೇಲೆ ನಾಟಕದವನ ಹಾಗೆ ಬಾಗಿ ನಮಸ್ಕರಿಸುತ್ತಾನೆ. ಸಭೆ ದಂಗಾಗಿ ಕೂತಿರುತ್ತದೆ, ಚಪ್ಪಾಳೆ ತಟ್ಟುವುದು ಒಬ್ಬ ಚಿಕ್ಕ ಹುಡುಗ. ನಿಮ್ಮ ಲೇಖಕರಾಗಿದ್ದರೆ ಇಲ್ಲೇ ನಿಂತುಬಿಡುತ್ತಿದ್ದರೇನೋ. ಚರ್ಚ್ ಇದೆ, ಬೈಬಲ್ ಇದೆ, ಇನ್ನೇನು ಬೇಕು!

ನನಗೆ ಬೇಕಾದದ್ದು ಕೊನೆಯಲ್ಲಿದೆ. ಕೈದಿ ಉಳಿದುಕೊಂಡ ಮನೆಯ ಒಡತಿಯ ದುಡ್ಡನ್ನು ಕಳ್ಳನೊಬ್ಬ ಹೊಡೆದಿರುತ್ತಾನೆ. ನಮ್ಮ ಕೈದಿ ಅದನ್ನು ವಾಪಸ್ ತಂದುಕೊಡುತ್ತಾನೆ. ಆದರೂ ಗುಟ್ಟು ರಟ್ಟಾಗಿ ಶೆರಿಫ್, ಅಂದರೆ ಅಲ್ಲಿನ ಪೊಲೀಸ್ ಅಧಿಕಾರಿ, ಅವನನ್ನು ಹಿಡಿದುಕೊಂಡು ಹೊರಡುತ್ತಾನೆ. ಮೆಕ್ಸಿಕೋ ಗಡಿಗೆ ಬಂದಾಗ, ಆ ಕಡೆಯಿಂದ ಒಂದಿಷ್ಟು ಹೂ ಕಿತ್ತು ತಾ ಅನ್ನುತ್ತಾನೆ ಶೆರಿಫ್. ಬಿಟ್ಟುಬಿಡಲು ಹೂಡಿದ ಉಪಾಯ ಅದು. ಇವನಿಗೆ ಹೊಳೆಯುವುದೇ ಇಲ್ಲ. ನಿಯತ್ತಾಗಿ ಹೂ ಕಿತ್ತುಕೊಂಡು ಶೆರಿಫ್ ಹಿಂದೆಯೇ ಓಡಿ ಬರುತ್ತಾನೆ. ಕೊನೆಗೆ ಶೆರಿಫ್ ಇವನನ್ನು ಗಡಿಯವರೆಗೆ ಎಳೆತಂದು, ಹಿಂದಿನಿಂದ ಒಂದು ಒದೆ ಕೊಟ್ಟು ಆಚೆ ದಬ್ಬುತ್ತಾನೆ. ಬಿಡುಗಡೆ ಕಣ್ಣೆದುರಿಗೇ ಇದೆ, ಪುಕ್ಕಟೆ ಇದೆ, ತಗೊಳ್ಳುವುದು ಮಾತ್ರ ಗೊತ್ತಿಲ್ಲ. ಕೃಪೆ ಪುಕ್ಕಟೆ ಅನ್ನುವ, ಪೌಲನು ರೋಮಾಪುರದವರಿಗೆ ಬರೆದ ಬೈಬಲಿನ ಪತ್ರಿಕೆಯನ್ನು ಮಕ್ಕಳಿಗೆ ವಿವರಿಸಲು ಒದ್ದಾಡುವ ನನಗೆ ಆ ಒದೆಯಷ್ಟು ಸಹಾಯ ಯಾವ ಪುಸ್ತಕವೂ ಮಾಡಿಲ್ಲ. 'ದುಡ್ಡು ತಂದುಕೊಟ್ಟಿದ್ದಕ್ಕೇ ಬಿಟ್ಟಿದ್ದಲ್ವಾ ಮಿಸ್, ಹಾಗಾದರೆ ಅದು ಕೂಲಿ' ಅಂತ ಒಬ್ಬಳು ಹುಡುಗಿ ವಾದಕ್ಕಿಳಿದಳು. ಒಳ್ಳೆಯ ವಾದವೇ. ಆದರೆ ಅವನ ಹಳೆಯ ಶಿಕ್ಷೆ ಬಾಕಿ ಇತ್ತಲ್ಲ, ಅದನ್ನು ಯಾರೂ ತೀರಿಸಿರಲಿಲ್ಲ.

2003ರ 'ಬ್ರೂಸ್ ಆಲ್‌ಮೈಟಿ' ಅಂದರೆ ಎಲ್ಲರಿಗೂ ನೆನಪಾಗುವುದು ಇಮೇಲ್ ರೂಪದಲ್ಲಿ ಬರುವ ಪ್ರಾರ್ಥನೆಗಳು. ದೇವರ ಶಕ್ತಿ ಸಿಕ್ಕ ಬ್ರೂಸ್ (ಜಿಮ್ ಕ್ಯಾರಿ) ಎಲ್ಲಕ್ಕೂ ಸುಮ್ನೆ 'ಯೆಸ್' ಒತ್ತಿ ಊರನ್ನೇ ಗೊಂದಲಕ್ಕೆ ತಳ್ಳುತ್ತಾನೆ. ನನಗೆ ಹಿಡಿಸಿದ್ದು ಆ ಮಾಪ್. ಮಾರ್ಗನ್ ಫ್ರೀಮನ್ ಮಾಡಿದ ದೇವರು ಮೊದಲು ಸಿಗುವುದೇ ಕೆಲಸದ ಬಟ್ಟೆಯಲ್ಲಿ, ನೆಲ ಒರೆಸುತ್ತಾ. ಸ್ವಲ್ಪ ಕೈಜೋಡಿಸ್ತೀಯಾ ಅಂದರೆ ಬ್ರೂಸ್ ಜಾರಿಕೊಳ್ಳುತ್ತಾನೆ. ಎಲ್ಲ ಕೈಮೀರಿದ ಮೇಲೆ ಅವನೇ ಬಂದು ದೇವರ ಪಕ್ಕದಲ್ಲಿ ನಿಂತು ನೆಲ ಒರೆಸುತ್ತಾನೆ. ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸು ಶಿಷ್ಯರ ಕಾಲು ತೊಳೆಯುವುದನ್ನು ಓದಿದವರಿಗೆ ಇಲ್ಲಿ ಯಾರೂ ಸಂಕೇತ ಬಿಡಿಸಿ ಹೇಳಬೇಕಾಗಿಲ್ಲ.

'ಗ್ರೌಂಡ್‌ಹಾಗ್ ಡೇ' (1993) ಬಗ್ಗೆ ಲೇಖಕರು ಜಾಸ್ತಿ ಬರೆದಿದ್ದಾರೆ, ನಾನು ಕಡಿಮೆ ಬರೆಯುತ್ತೇನೆ. ಫೆಬ್ರವರಿ 2, ಬಾಲ ಯೇಸುವನ್ನು ದೇವಾಲಯಕ್ಕೆ ಕರೆತಂದದ್ದನ್ನು ನೆನೆಯುವ ಹಬ್ಬದ ದಿನ, ನಿಜ. ಅದು ಕ್ಯಾಲೆಂಡರಿನ ಕಥೆ, ಸಿನಿಮಾದ್ದಲ್ಲ. ಸಿನಿಮಾದ ನಾಯಕನಿಗೆ ಅದೇ ದಿನ ಮತ್ತೆ ಮತ್ತೆ ಮರಳಿ ಬರುತ್ತದೆ. ಅದರಲ್ಲಿ ಮರದಿಂದ ಬೀಳುವ ಒಬ್ಬ ಹುಡುಗ ಇದ್ದಾನೆ. ನಾಯಕ ಬಿಲ್ ಮರ್ರೆ ದಿನಾ ಓಡಿಬಂದು ಅವನನ್ನು ಹಿಡಿಯುತ್ತಾನೆ. ಹುಡುಗ ಒಂದು ದಿನವೂ ಥ್ಯಾಂಕ್ಸ್ ಹೇಳದೆ ಓಡಿಹೋಗುತ್ತಾನೆ. ಇವನು ಬೈಯುತ್ತಾನೆ, ಮರುದಿನ ಮತ್ತೆ ಬಂದು ಹಿಡಿಯುತ್ತಾನೆ. ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಯೇಸುವಿನಿಂದ ವಾಸಿಯಾದ ಹತ್ತು ಕುಷ್ಠರೋಗಿಗಳಲ್ಲಿ ಥ್ಯಾಂಕ್ಸ್ ಹೇಳಲು ತಿರುಗಿ ಬಂದವನು ಒಬ್ಬನೇ ಒಬ್ಬ. ಇಷ್ಟಾದರೂ ಈ ಸಿನಿಮಾ ನಮ್ಮದು ಅಂತ ಬೋರ್ಡ್ ಹಾಕಲು ಹೋಗಬಾರದು. ನಿರ್ದೇಶಕ ಹೆರಾಲ್ಡ್ ರಾಮಿಸ್ ಯಹೂದಿ ಮನೆತನದವರು. ಬೌದ್ಧರೂ ಯಹೂದಿಗಳೂ ಇದರಲ್ಲಿ ತಮ್ಮ ಮಾತನ್ನೇ ಕಂಡಿದ್ದಾರೆ. ಕಾಣಲಿ ಬಿಡಿ.

'ದಿ ಬ್ಲೂಸ್ ಬ್ರದರ್ಸ್' ಅನ್ನು 2010ರಲ್ಲಿ ವ್ಯಾಟಿಕನ್ ಪತ್ರಿಕೆಯೇ ಹೊಗಳಿತ್ತು ಎಂಬುದನ್ನು ಲೇಖಕರು ದೊಡ್ಡ ಪ್ರಮಾಣಪತ್ರದಂತೆ ಹಾಕಿದ್ದಾರೆ. ಅನಾಥಾಶ್ರಮದ 5,000 ಡಾಲರ್ ತೆರಿಗೆ ಕಟ್ಟಲು ಅಷ್ಟೊಂದು ಪೊಲೀಸ್ ಕಾರು ಪುಡಿಯಾಗುವುದನ್ನು ನೋಡಿ ನಾನೂ ನಕ್ಕಿದ್ದೇನೆ. ಆದರೆ ಪತ್ರಿಕೆಯ ಮನಸ್ಸು ಅವತ್ತು ಸ್ವಲ್ಪ ಜಾಸ್ತಿಯೇ ದೊಡ್ಡದಾಗಿತ್ತು ಅನಿಸುತ್ತದೆ.

'ಲೈಫ್ ಆಫ್ ಬ್ರಯಾನ್' ಅನ್ನು 'ನಿಂದೆ' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿಯಲ್ಲ. 1979ರಲ್ಲಿ ಬಂದಾಗ ನಾರ್ವೆ, ಐರ್ಲೆಂಡ್‌ಗಳಲ್ಲಿ ಅದನ್ನು ನಿಷೇಧಿಸಿದ್ದರು. ಒರಟು ಸಿನಿಮಾ, ನನ್ನ ತರಗತಿಯಲ್ಲಿ ಖಂಡಿತ ತೋರಿಸುವುದಿಲ್ಲ. ಆದರೆ ಯೇಸುವಿನ ಕಾಲದಲ್ಲೇ ಬದುಕುವ ಅದರ ನಾಯಕ ಬ್ರಯಾನ್ ಯೇಸು ಅಲ್ಲ. ಯೇಸು ಬೇರೆಯೇ ಇದ್ದಾರೆ, ಪರ್ವತ ಪ್ರಸಂಗ ಹೇಳುತ್ತಿರುತ್ತಾರೆ, ಅವರನ್ನು ಯಾರೂ ಗೇಲಿ ಮಾಡುವುದಿಲ್ಲ. ಗೇಲಿಯೆಲ್ಲ ಗುಂಪಿನ ತುದಿಯಲ್ಲಿ ನಿಂತು ಕೇಳುವವರದ್ದು. 'ಸಮಾಧಾನಪಡಿಸುವವರು (ಪೀಸ್‌ಮೇಕರ್ಸ್) ಧನ್ಯರು' ಎಂಬ ಮಾತು ಅವರ ಕಿವಿಗೆ 'ಚೀಸ್ ಮಾಡುವವರು (ಚೀಸ್‌ಮೇಕರ್ಸ್) ಧನ್ಯರು' ಅಂತ ಬೀಳುತ್ತದೆ. ಅಷ್ಟಕ್ಕೇ ಬಿಡದೆ ಒಬ್ಬ ಅದಕ್ಕೆ ವ್ಯಾಖ್ಯಾನ ಕೊಡುತ್ತಾನೆ: ಚೀಸ್ ಒಂದೇ ಅಲ್ಲ, ಹಾಲಿನ ಪದಾರ್ಥ ಮಾಡುವವರೆಲ್ಲ ಅದರಲ್ಲಿ ಸೇರುತ್ತಾರಂತೆ! ಈ ದೃಶ್ಯ ನೋಡಿದರೆ ನಿಮ್ಮ ಲೇಖಕರಿಗೆ ಸ್ವಲ್ಪ ಇರುಸುಮುರುಸಾಗಬಹುದು.

ಲೇಖನದ ಎರಡನೇ ಭಾಗ ಬರಲಿದೆ ಎಂದು ಹಾಕಿದ್ದೀರಿ. ಅದರಲ್ಲಿ ಪಟ್ಟಿ ಬಿಟ್ಟು ಒಂದೆರಡು ಸಿನಿಮಾಗಳ ಬಗ್ಗೆ ಬಿಡಿಸಿ ಬರೆಸಿ. 'ದಿ ಪಿಲ್ಗ್ರಿಮ್' ಒಂದು ಗಂಟೆಗೂ ಚಿಕ್ಕದು, ನೋಡಲು ಅವರಿಗೆ ಜಾಸ್ತಿ ಹೊತ್ತು ಬೇಕಾಗುವುದಿಲ್ಲ.

ಇತಿ,
ಸಂಡೆ ಸ್ಕೂಲ್ ಶಿಕ್ಷಕಿ