ಬಟ್ಟೆಯ ಹೊತ್ತಿಗೆ ನಮಗೆ ಹೊಸದಲ್ಲ, ಅದರ ಹೆಸರು ಕಡತ

ಮಾನ್ಯ ಸಂಪಾದಕರೇ,

ಬಟ್ಟೆಯ ತುಂಡು, ಕಾಗದ, ಬಣ್ಣ, ದಾರ, ಗುಂಡಿಗಳನ್ನು ಕೂಡಿಸಿ ‘ಫ್ಯಾಬ್ರಿಕ್ ಆರ್ಟ್ ಜರ್ನಲ್’ ತಯಾರಿಸುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಹೊಲಿಗೆ ಕಲಿಸಿದವಳಿಗೆ ಇಂಥದ್ದೊಂದು ವಿಷಯಕ್ಕೆ ಪತ್ರಿಕೆಯಲ್ಲಿ ಇಡೀ ಪುಟ ಸಿಕ್ಕಿದ್ದು ಸಂತೋಷವೇ. ಆದರೆ ಆ ಲೇಖನ ಇದನ್ನು ಹೊರದೇಶದಿಂದ ಬಂದ ಹೊಸ ಹವ್ಯಾಸವೆಂದು ಪರಿಚಯಿಸಿದೆ; ಅಷ್ಟಕ್ಕೇ ನಿಲ್ಲದೆ, ಪುಟದಲ್ಲಿ ಏನನ್ನೂ ಬರೆಯಬೇಕಾಗಿಲ್ಲ, ಬಟ್ಟೆ ತಾನೇ ಮಾತನಾಡುತ್ತದೆ ಎಂದು ಓದುಗರಿಗೆ ಸಲಹೆಯನ್ನೂ ಕೊಟ್ಟಿದೆ. ಈ ಎರಡೂ ಮಾತುಗಳಿಗೆ ನನ್ನ ತಕರಾರಿದೆ, ಮತ್ತು ಎರಡಕ್ಕೂ ಉತ್ತರ ಒಂದೇ ಕಡೆ ಇದೆ.

ಕಡತ ಎಂದೊಡನೆ ಇಂದು ಕಣ್ಣ ಮುಂದೆ ಬರುವುದು ಸರ್ಕಾರಿ ಕಚೇರಿಯಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸರಿಯಲೊಲ್ಲದ ಕಾಗದದ ಕಟ್ಟು. ಮೊದಲು ಆ ಹೆಸರು ಇದ್ದದ್ದು ಬಟ್ಟೆಯ ಪುಸ್ತಕಕ್ಕೆ. ಹತ್ತಿಯ ಉದ್ದನೆಯ ಪಟ್ಟಿಯ ಎರಡೂ ಮಗ್ಗುಲಿಗೆ ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿಯನ್ನು ಕಲಸಿ ಬಳಿದು, ಚೆನ್ನಾಗಿ ಒಣಗಿಸಿ, ಎಲ್ಲಿಯೂ ಕತ್ತರಿಸದೆ ಸಮನಾದ ಮಡಿಕೆಗಳಾಗಿ ಮಡಚಿ, ಎರಡು ತುದಿಗಳಿಗೆ ಹಲಗೆ ಕೂಡಿಸಿದರೆ ಕಡತವಾಗುತ್ತಿತ್ತು, ಬರವಣಿಗೆ ಬಳಪದಿಂದ. ಮೈಸೂರಿನ ಚರಿತ್ರೆ ಬರೆದು 1810ರಲ್ಲಿ ಅದರ ಮೊದಲ ಸಂಪುಟ ಪ್ರಕಟಿಸಿದ ಮಾರ್ಕ್ ವಿಲ್ಕ್ಸ್, ಕಡತದ ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ ಎಂದು ಅಳತೆ ಸಮೇತ ವರ್ಣಿಸಿದ್ದಾನೆ. ಉಳ್ಳವರ ಕಡತಕ್ಕೆ ಬಣ್ಣ ಬಳಿದ ಹಲಗೆ ಮತ್ತು ರೇಷ್ಮೆಯ ಚೀಲ, ಇಲ್ಲದವರದಕ್ಕೆ ಬರೀ ದಾರದ ಕಟ್ಟು ಎಂಬುದನ್ನೂ, ಅಂಗಡಿಕಾರರು ತನ್ನ ಕಾಲದಲ್ಲೂ ಅದರಲ್ಲೇ ಲೆಕ್ಕ ಇಡುತ್ತಿದ್ದರು ಎಂಬುದನ್ನೂ ಅವನು ಗಮನಿಸಿದ್ದ. ಶೃಂಗೇರಿ ಮಠದಲ್ಲಿ ಉಳಿದುಬಂದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ. ಬಟ್ಟೆ, ಅಂಟು, ಇದ್ದಿಲು, ಕಲ್ಲಿನ ಬಳಪ, ಮರ, ರೇಷ್ಮೆ ಇವೆಲ್ಲ ಒಂದರಲ್ಲೇ ಸೇರಿರುವಾಗ ಮಿಶ್ರ ಮಾಧ್ಯಮವೆಂದರೆ ಇದಕ್ಕಿಂತ ಬೇರೆ ಏನು?

ಈ ಹಳೆಯ ರೂಪವನ್ನು ನಾನು ಬರಿಯ ಅಭಿಮಾನಕ್ಕೆ ಹೇಳುತ್ತಿಲ್ಲ. ಬಟ್ಟೆಗೆ ಅದೇ ಹೆಚ್ಚು ಒಪ್ಪುತ್ತದೆ. ನಿಮ್ಮ ಲೇಖನದಲ್ಲಿ ತೋರಿಸಿದಂತೆ ಬಟ್ಟೆಯ ಪುಟಗಳನ್ನು ಬೆನ್ನಿನಲ್ಲಿ ಒಟ್ಟಾಗಿ ಹೊಲಿದರೆ, ಮೇಲೆ ಗುಂಡಿ, ಲೇಸು, ಕಸೂತಿ ಸೇರಿದಂತೆಲ್ಲ ಹೊತ್ತಿಗೆ ಬಾಯಿ ತೆರೆದುಕೊಂಡು ನಿಲ್ಲುತ್ತದೆ, ಬೆನ್ನಿನ ದಾರ ಜಗ್ಗುತ್ತದೆ. ಮಡಿಕೆಯ ಹೊತ್ತಿಗೆಗೆ ಬೆನ್ನೇ ಇಲ್ಲವಾದ್ದರಿಂದ ಆ ತೊಂದರೆಯೂ ಇಲ್ಲ. ನನ್ನದು ಯಜಮಾನರ ಹಳೆಯ ಧೋತರದಿಂದ ಮಾಡಿದ್ದು: ಎಂಟು ಅಂಗುಲ ಅಗಲ, ಆರು ಅಡಿ ಉದ್ದ, ಆರು ಅಂಗುಲಕ್ಕೊಂದರಂತೆ 12 ಮಡಿಕೆ, ಎರಡೂ ಬದಿ ಸೇರಿ 24 ಪುಟ. ಎರಡು ಪದರ ಬಟ್ಟೆಯನ್ನು ಕೂಡಿಸಿ ಕೌದಿಯ (ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿದ ಹೊದಿಕೆಯ) ಎಳೆ ಹೊಲಿಗೆಯನ್ನು ಸಾಲಾಗಿ ಹಾಕಿದರೆ ಪುಟಕ್ಕೆ ಬೇಕಾದ ಬಿಗಿ ತಾನಾಗಿ ಬರುತ್ತದೆ. ಹೊಸ ಬಟ್ಟೆಯಾದರೆ ಬಿಸಿನೀರಿನಲ್ಲಿ ಒಗೆದು ಅದರ ಗಂಜಿಯನ್ನು ತೆಗೆಯಲೇಬೇಕು, ಇಲ್ಲವಾದರೆ ಮುಂದೆ ಅದು ಕುಗ್ಗಿ ಮೇಲಿನ ತ್ಯಾಪೆಗಳೆಲ್ಲ ಸುಕ್ಕುಗಟ್ಟುತ್ತವೆ. ಹತ್ತಾರು ಸಲ ಒಗೆತ ಕಂಡ ಧೋತರಕ್ಕೆ ಆ ಭಯವಿಲ್ಲ.

ಅಂಟಿನ ವಿಷಯದಲ್ಲಿ ಲೇಖನ ಬಿಸಿ ಅಂಟಿನ ಗನ್ನನ್ನು ಶಿಫಾರಸು ಮಾಡಿದೆ. ಅದು ಬಟ್ಟೆಯ ಮೇಲೆ ಗಡ್ಡೆಯಾಗಿ ಕೂರುತ್ತದೆ, ಅದರ ಮೂಲಕ ಸೂಜಿ ಇಳಿಯುವುದಿಲ್ಲ, ಮಡಿಕೆಯಲ್ಲಿ ಬಿದ್ದರೆ ಪುಟ ಮಡಚುವುದೂ ಇಲ್ಲ. ಹುಣಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ ರುಬ್ಬಿ, ನೀರಿನಲ್ಲಿ ಕುದಿಸಿ ಸೋಸಿದರೆ ಸಿಗುವ ಅಂಟು ತೆಳ್ಳಗೆ ಹರಡುತ್ತದೆ. ಕಿನ್ನಾಳದ ಗೊಂಬೆ ಮಾಡುವವರು ಇಂದಿಗೂ ಕೈಬಿಡದ ಅಂಟು ಅದು. ಮೈದಾ ಅಂಟೂ ಆದೀತು, ಆದರೆ ಅದಕ್ಕೆ ಬೆಳ್ಳಿಮೀನು ಹುಳ ಬೇಗ ಮುತ್ತುತ್ತದೆ. ಪುಸ್ತಕ ಕಟ್ಟುವವರು ಅದಕ್ಕಾಗಿಯೇ ಅಂಟಿನಲ್ಲಿ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷವಾದ್ದರಿಂದ ಮಕ್ಕಳ ಕೈಗೆ ಸಿಗುವ ಕೆಲಸದಲ್ಲಿ ಬೇಡ. ನನ್ನ ಕಡತದಲ್ಲಿ ನಾಲ್ಕು ಪುಟಗಳಿಗೆ ಮಾತ್ರ ಇದ್ದಿಲು ಬೆರೆಸಿದ ಅಂಟನ್ನು ಬಳಿದಿದ್ದೇನೆ. ಬಳಪದಲ್ಲಿ ಬರೆದದ್ದು ಕೈ ತಾಗಿದರೆ ಅಳಿಯುತ್ತದೆ, ಅಂಗಡಿಯ ಲೆಕ್ಕಕ್ಕೆ ಅದೇ ಅನುಕೂಲವಾಗಿತ್ತು. ನನಗೆ ಅಳಿಯುವುದು ಬೇಡವಾಗಿದ್ದರಿಂದ ಬಳಪದ ಅಕ್ಷರಗಳ ಮೇಲೆಯೇ ಬಿಳಿ ದಾರದಿಂದ ಹೊಲಿದೆ. ಅವ್ವನ ಕೈಬರಹದಲ್ಲಿದ್ದ ಒಂದು ಅಡುಗೆ ಲೆಕ್ಕವನ್ನು ಹೀಗೆ ಇಳಿಸಿಕೊಂಡಾಗ, ಅವಳು ‘ಳ’ ಅಕ್ಷರವನ್ನು ಎಲ್ಲಿಂದ ಆರಂಭಿಸಿ ಎಲ್ಲಿ ಮುಗಿಸುತ್ತಿದ್ದಳೆಂಬುದು ನನ್ನ ಸೂಜಿಗೆ ಮೊದಲ ಬಾರಿ ತಿಳಿಯಿತು.

ಮಡಿಕೆಯ ಹೊತ್ತಿಗೆಯ ಎರಡೂ ಬದಿ ಕಾಣುತ್ತವೆ. ಆದ್ದರಿಂದ ಯಾವ ಹೊಲಿಗೆ ಎಲ್ಲಿ ಎಂಬುದು ಮುಖ್ಯವಾಗುತ್ತದೆ, ಮತ್ತು ಇಲ್ಲಿಯೇ ನಮ್ಮ ಧಾರವಾಡ ಸೀಮೆಯ ಕಸೂತಿ ತನ್ನ ಬೆಲೆ ತೋರಿಸುತ್ತದೆ. ಅದರ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಮತ್ತು ಮುರ್ಗಿ ಬಟ್ಟೆಯ ಎರಡೂ ಬದಿಗೆ ಒಂದೇ ರೀತಿ ಕಾಣುತ್ತವೆ. ಗಂಟು ಹಾಕುವ ಪದ್ಧತಿಯೇ ಇಲ್ಲ, ದಾರದ ತುದಿಯನ್ನು ಹೊಲಿಗೆಯೊಳಗೇ ಹುದುಗಿಸಬೇಕು. ಒಂದು ಪುಟದಲ್ಲಿ ಗೋಪುರ ಹೊಲಿದರೆ ಹಿಂದಿನ ಪುಟದಲ್ಲೂ ಗೋಪುರ ಸಿದ್ಧ. ನೇಯ್ಗೆಯಂತೆ ಕಾಣುವ ನೇಗಿಯೂ ಮೆಂತ್ಯದ ಕಾಳಿನಂತೆ ಕೂರುವ ಮೆಂತೆಯೂ ಹಾಗಲ್ಲ, ಅವುಗಳ ಹಿಂಬದಿಗೆ ಇನ್ನೊಂದು ಬಟ್ಟೆಯ ಮರೆ ಬೇಕು. ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿಯೇ ಹೊಲಿಯುವ ವಿದ್ಯೆಯಾದ್ದರಿಂದ ಒರಟು ಖಾದಿಯ ಮೇಲೆ ಕಲಿಯುವವರಿಗೆ ಸುಲಭ, ಕಣ್ಣಿಗೂ ಹಿತ. ಬಣ್ಣ ಬಳಿಯುವುದಿದ್ದರೆ ಹೊಲಿಗೆ ಮುಗಿದ ಮೇಲೆ ಬಳಿಯಬೇಕು. ಅಕ್ರಿಲಿಕ್ ಒಣಗಿದ ಬಟ್ಟೆಯಲ್ಲಿ ಸೂಜಿ ತೂರಿಸುವುದೆಂದರೆ ಚಪ್ಪಲಿ ಹೊಲಿದಷ್ಟು ಕಷ್ಟ. ಮಡಿಕೆಯ ಗೆರೆಯ ಸುತ್ತ ಅರ್ಧ ಅಂಗುಲ ಬಣ್ಣ ತಾಗದಂತೆ ಬಿಡದಿದ್ದರೆ ಅಲ್ಲಿಯೇ ಬಿರುಕು. ಕಾಗದವನ್ನು ಬಟ್ಟೆಗೆ ಹೊಲಿಯುವಾಗ ಟಾಕುಗಳ ನಡುವೆ ಕಾಲು ಅಂಗುಲವಾದರೂ ಅಂತರವಿರಲಿ, ಒತ್ತಾಗಿ ಹಾಕಿದರೆ ಅಂಚೆಚೀಟಿಯ ಅಂಚಿನಂತೆ ಹರಿದು ಕೈಗೆ ಬರುತ್ತದೆ.

ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಮೊದಲ ಹೊತ್ತಿಗೆಯಲ್ಲಿ ಚಹಾದ ನೀರಿನಲ್ಲಿ ಅದ್ದಿದ ಬಟ್ಟೆಯೊಳಗೆ ತುಕ್ಕು ಹಿಡಿದ ಮೊಳೆಗಳನ್ನು ಸುತ್ತಿಟ್ಟು ಕಪ್ಪು ಕಲೆಗಳ ಚಂದದ ವಿನ್ಯಾಸ ಪಡೆದಿದ್ದೆ. ಚಹಾದ ಒಗರೂ ಕಬ್ಬಿಣವೂ ಕೂಡಿದರೆ ಆ ಕಪ್ಪು ಬರುತ್ತದೆಂಬುದು ಗೊತ್ತಿತ್ತು, ಅದೇ ಕಬ್ಬಿಣ ವರ್ಷಗಳ ಮೇಲೆ ಹತ್ತಿಯನ್ನು ತಿನ್ನುತ್ತದೆಂಬುದು ಗೊತ್ತಿರಲಿಲ್ಲ. ಈಗ ಕಲೆಗಳಿದ್ದಲ್ಲಿ ತೂತುಗಳಿವೆ. ಅರಿಸಿನದ ಪುಟ ಕಿಟಕಿಯ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಬಿಳಿಚಿಕೊಂಡಿತು. ಪಟಿಕದ (ಆಲಂ) ನೀರಿನಲ್ಲಿ ಮೊದಲು ಅದ್ದಿ, ಆಮೇಲೆ ದಾಳಿಂಬೆ ಸಿಪ್ಪೆಯಲ್ಲಿ ಕುದಿಸಿದ ಹಳದಿ ಇನ್ನೂ ನಿಂತಿದೆ. ಗಂಜಿ ಹಾಕದ ಬಟ್ಟೆಯ ಮೇಲೆ ಮಸಿಯ ಪೆನ್ನಿನಲ್ಲಿ ಬರೆದ ದಿನಾಂಕವೊಂದು ಎಷ್ಟು ಹರಡಿತೆಂದರೆ ಅದು ದಿನಾಂಕವೆಂದು ನಾನೇ ಹೇಳಬೇಕು.

ಇನ್ನು ಬರೆಯುವ ಮಾತು. ಬಟ್ಟೆ ತಾನೇ ಮಾತನಾಡುತ್ತದೆ ಎಂಬುದು ಕೇಳಲು ಇಂಪು. ಆದರೆ ನಮ್ಮ ಮನೆಯ ಕೌದಿಯ ವಿಷಯದಲ್ಲಿ ನಾನು ಕಂಡದ್ದು ಬೇರೆ. ಅವ್ವ ಇದ್ದಷ್ಟು ದಿನ ಅದರ ಒಂದೊಂದು ತ್ಯಾಪೆಯ ಮೇಲೂ ಬೆರಳಿಟ್ಟು, ‘ಇದು ಅಕ್ಕನ ಕುಬಸದ ಖಣ, ಗುಳೇದಗುಡ್ಡದ್ದು. ಇದು ಮುತ್ತಜ್ಜಿಯ ಚಂದ್ರಕಾಳಿ ಸೀರೆ. ಇದು ತೊಟ್ಟಿಲ ಬಟ್ಟೆ’ ಎನ್ನುತ್ತಿದ್ದಳು. ಅವಳು ಹೋದ ಮೇಲೆ ನಾವು ಮೂವರು ಮಕ್ಕಳು ಕುಳಿತು ನೆನಪಿಸಿಕೊಂಡಾಗ ನಲವತ್ತಕ್ಕೂ ಮಿಕ್ಕಿದ ತ್ಯಾಪೆಗಳಲ್ಲಿ ಒಂಬತ್ತರ ಗುರುತು ಮಾತ್ರ ಹತ್ತಿತು. ಉಳಿದವು ಚಂದವಾಗಿವೆ, ಬೆಚ್ಚಗಿವೆ, ಆದರೆ ಮೂಕವಾಗಿವೆ. ಮಾತನಾಡುತ್ತಿದ್ದವಳು ಅವ್ವ, ಬಟ್ಟೆಯಲ್ಲ. ಆದ್ದರಿಂದಲೇ ನನ್ನ ಕಡತದ ಪ್ರತಿ ತುಂಡಿನ ಪಕ್ಕದಲ್ಲಿ ಅದು ಯಾರದು, ಎಲ್ಲಿ ನೇಯ್ದದ್ದು, ಯಾವ ವರ್ಷ ಮನೆಗೆ ಬಂತು, ಯಾಕೆ ಹರಿಯಿತು ಎಂಬುದನ್ನು ಹೊಲಿದೋ ಬರೆದೋ ಇಟ್ಟಿದ್ದೇನೆ. ಬಸ್ಸಿನ ಟಿಕೆಟನ್ನು ಅಂಟಿಸುವವರಿಗೆ ಒಂದು ಕಿವಿಮಾತು: ಯಂತ್ರದಿಂದ ಬರುವ ಈಗಿನ ಟಿಕೆಟಿನ ಅಕ್ಷರ ಕಾಲಕ್ರಮದಲ್ಲಿ ಮಾಸಿ ಬಿಳಿಯ ಚೀಟಿ ಮಾತ್ರ ಉಳಿಯುತ್ತದೆ, ಊರಿನ ಹೆಸರನ್ನು ಪಕ್ಕದಲ್ಲಿ ಕೈಯಿಂದ ಬರೆದುಕೊಳ್ಳಿ.

ಪುಟ ತುಂಬಿಸುವ ಕ್ರಮವನ್ನು ಕಲಿಯಬೇಕೆನ್ನುವವರು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಸಮುದಾಯದ ಹೆಂಗಸರ ಕವದಿಗಳನ್ನು (ಕೌದಿಯನ್ನು ಅಲ್ಲಿ ಹೀಗೆನ್ನುತ್ತಾರೆ) ಒಮ್ಮೆ ನೋಡಬೇಕು. ಮೊದಲೇ ವಿನ್ಯಾಸ ಬರೆದಿಟ್ಟುಕೊಳ್ಳದೆ, ಒಂದು ಮೂಲೆಯಿಂದ ಹಿಡಿದು ಅಂಚಿನ ಸುತ್ತ ತ್ಯಾಪೆ ಇಡುತ್ತ, ಹೊಲಿಯುತ್ತ, ಸುತ್ತು ಸುತ್ತಾಗಿ ನಡುವಿಗೆ ಬಂದು ಮುಗಿಸುತ್ತಾರೆ; ಕೊನೆಗೆ ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಪದರಪದರವಾಗಿ ಮಡಚಿದ ‘ಫೂಲ’ ಕೂಡಿಸದಿದ್ದರೆ ಕವದಿ ಬೆತ್ತಲೆ ಎಂದೇ ಅವರ ಭಾವನೆ. ನನ್ನ ಕಡತದ ಮೊದಲ ಮಡಿಕೆಗೆ ಅಂಥ ಫೂಲವನ್ನು ನಾನೂ ಇಟ್ಟಿದ್ದೇನೆ, ಅಷ್ಟು ಚೊಕ್ಕವಾಗಿ ಬಂದಿಲ್ಲ.

ಈ ಪತ್ರ ಬರೆಯಲು ನಿಜವಾದ ಕಾರಣ ಲೇಖನದ ಜೊತೆಗಿದ್ದ ಮೂರನೆಯ ಚಿತ್ರ. ಅದರಲ್ಲಿ ಪುಟದ ನಡುವೆ ವಜ್ರದಾಕಾರದಲ್ಲಿ ಕತ್ತರಿಸಿ ಅಂಟಿಸಿರುವ ಕಪ್ಪು ತುಂಡು, ನನ್ನ ಕಣ್ಣು ಮೋಸ ಮಾಡದಿದ್ದರೆ, ಹಳೆಯ ಕೈಕಸೂತಿಯ ಸೀರೆಯದು. ಅದರ ಮೇಲೆ ಹೊಲಿದಿದ್ದ ತೇರಿನ ಅರ್ಧ ಭಾಗ ಕತ್ತರಿಗೆ ಹೋಗಿದೆ. ಕಸೂತಿಗೂ ಇಳಕಲ್ ಸೀರೆಗೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ ನಿಜ, ಆದರೆ ಅದು ಮಾರುಕಟ್ಟೆಗೆ ಬರುವ ಹೊಸ ಬಟ್ಟೆಯ ಹೆಸರನ್ನು ಕಾಯುತ್ತದೆಯೇ ಹೊರತು ಟ್ರಂಕಿನಲ್ಲಿರುವ ಹಳೆಯದನ್ನು ಕತ್ತರಿಯಿಂದ ಕಾಯುವುದಿಲ್ಲ. ಇಳಕಲ್ ಸೀರೆಯ ಹಾಸಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುವ ಜಾಗ ಆ ಸೀರೆಯ ಜೀವ. ಸೀರೆ ಎಷ್ಟೇ ಜೀರ್ಣವಾಗಿರಲಿ, ಆ ಭಾಗವನ್ನು ಹೋಳು ಮಾಡದೆ ಒಂದು ಇಡೀ ಮಡಿಕೆಯ ಮೇಲೆ ಹರಡಿ, ಅಂಚಿಗೆ ಮಾತ್ರ ಹೊಲಿಗೆ ಹಾಕಿ ಉಳಿಸಬಹುದು. ಗಟ್ಟಿಯಾಗಿರುವ ಕಸೂತಿ ಸೀರೆಯನ್ನಂತೂ ಮುಟ್ಟಲೇಬಾರದು, ಫೋಟೊವನ್ನು ಹತ್ತಿಯ ಬಟ್ಟೆಯ ಮೇಲೆ ಮುದ್ರಿಸಿಕೊಂಡರೆ ಸಾಕು. ಪುಟ ತುಂಬಿಸಲು ಊರಿನ ಯಾವ ದರ್ಜಿಯ ಅಂಗಡಿಯಲ್ಲೂ ಚೀಲಗಟ್ಟಲೆ ಚಿಂದಿ ಸಿಗುತ್ತದೆ, ಕೇಳಿದರೆ ದುಡ್ಡಿಲ್ಲದೆ ಕೊಡುತ್ತಾರೆ. ಅಂಗಡಿಯಲ್ಲಿ ಮಾರುವ ಸಿದ್ಧ ಸಾಮಗ್ರಿಯ ಪೊಟ್ಟಣದ (ಕಿಟ್) ಅಗತ್ಯ ನನಗೆ ಈವರೆಗೂ ಬಿದ್ದಿಲ್ಲ.

ಶಾಲೆಗಳ ಬಗ್ಗೆ ಒಂದೇ ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯ ಮಕ್ಕಳಿಗೆ ಸ್ಥಳೀಯ ಕುಶಲಕರ್ಮಿಗಳ ಜೊತೆ ಕಳೆಯಲು 10 ಬ್ಯಾಗ್‌ರಹಿತ ದಿನಗಳ ಪ್ರಸ್ತಾಪವಿದೆ. ಅದರಲ್ಲಿ ಎರಡು ದಿನ ಕಡತಕ್ಕೆ ಸಿಕ್ಕರೂ ಸಾಕು. ನನ್ನ ಕೊನೆಯ ವರ್ಷದ ತರಗತಿಯಲ್ಲಿ ಹುಡುಗನೊಬ್ಬ ಅಪ್ಪನ ಅಂಗಿಯ ಕಿಸೆಯನ್ನು ಬಿಚ್ಚಿ ತಂದು ಪುಟಕ್ಕೆ ಹೊಲಿದ, ಕೆಳಗೆ ‘ಇದರಾಗ ಬೀಡಿ ಇರ್ತಿತ್ತು, ಈಗ ಬಿಟ್ಟಾನ’ ಎಂದು ಬರೆದ. ಆ ಸಾಲಿಲ್ಲದಿದ್ದರೆ ಅದು ಬರೀ ನೀಲಿ ಕಿಸೆ.

ನಿಮ್ಮ ಪುರವಣಿಯ ಆ ಪುಟಕ್ಕೂ ನನ್ನ ಕಡತದಲ್ಲಿ ಒಂದು ಮಡಿಕೆ ಕಾದಿರಿಸಿದ್ದೇನೆ. ಸುದ್ದಿಕಾಗದ ಬೇಗ ಹಳದಿಯಾಗಿ ಪುಡಿಯಾಗುವುದರಿಂದ ಒಳ್ಳೆಯ ಕಾಗದದ ಮೇಲೆ ಅದರ ಪ್ರತಿ ಮಾಡಿಸಿ ಹೊಲಿಯಬೇಕೆಂದಿದ್ದೇನೆ. ಚಿತ್ರದ ಅಡಿಯಲ್ಲಿ ಬರೆಯಲು ಮಾತ್ರ ಏನೂ ಇಲ್ಲ. ಆ ಕಪ್ಪು ಬಟ್ಟೆ ಯಾವುದು, ಯಾವ ಊರಿನದು, ಯಾರು ಉಟ್ಟದ್ದು ಎಂಬುದನ್ನು ಲೇಖಕರಿಂದ ಕೇಳಿ ತಿಳಿದು ಮುಂದಿನ ಭಾನುವಾರ ಎರಡು ಸಾಲಿನಲ್ಲಿ ಪ್ರಕಟಿಸುವಿರಾ? ಜಾಗ ಬಿಟ್ಟಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಹೊಲಿಗೆ ಶಿಕ್ಷಕಿ
ಧಾರವಾಡ