ಮಿಶ್ರ ತರಕಾರಿ ಉಪ್ಪಿನಕಾಯಿ ಹಾಕುವವರಿಗೆ ಸೂಚನೆ

ಎಲ್ಲ ಸದಸ್ಯರಿಗೆ ನಮಸ್ಕಾರ. ಮಿಶ್ರ ತರಕಾರಿ ಉಪ್ಪಿನಕಾಯಿ ಹಾಕಲು ಹೊರಟಿರುವವರು ಮಾವಿನಕಾಯಿಯ ಅಳತೆಯನ್ನೇ ಇದಕ್ಕೂ ಬಳಸಬಾರದೆಂದು ವಿನಂತಿ. ಕ್ಯಾರೆಟ್, ಹೂಕೋಸು, ತೊಂಡೆಕಾಯಿ, ಹಸಿ ಬಟಾಣಿ ಇವುಗಳಲ್ಲಿ ಹುಳಿಯ ಅಂಶ ಬಹಳ ಕಡಿಮೆ ಇರುವುದರಿಂದ, ಉಪ್ಪಿನ ಜೊತೆಗೆ ನಿಂಬೆರಸವೂ ಧಾರಾಳವಾಗಿ ಸೇರಲೇಬೇಕು. ಪಂಜಾಬಿನ ಕಡೆ ಹೂಕೋಸು, ಕ್ಯಾರೆಟ್, ಟರ್ನಿಪ್ ಉಪ್ಪಿನಕಾಯಿಗೆ ಬೆಲ್ಲದೊಂದಿಗೆ ವಿನೆಗರ್ ಹಾಕುವುದರಿಂದಲೂ ಇದೇ ಕೆಲಸ ನಡೆಯುತ್ತದೆ.

1 ಕಿಲೋ ಹೆಚ್ಚಿದ ತರಕಾರಿಗೆ 150 ಗ್ರಾಂ ಪುಡಿ ಮಾಡಿದ ಕಲ್ಲುಪ್ಪು, 10-12 ರಸಭರಿತ ನಿಂಬೆಹಣ್ಣಿನ ರಸ, 75 ಗ್ರಾಂ ಬ್ಯಾಡಗಿ ಮೆಣಸಿನ ಪುಡಿ, 50 ಗ್ರಾಂ ಸಾಸಿವೆ, ಒಂದು ಚಮಚ ಮೆಂತ್ಯ, ಸ್ವಲ್ಪ ಅರಿಶಿನ ಮತ್ತು ಇಂಗು ಸಾಕು. ಸಾಸಿವೆಯನ್ನು ಬೆಚ್ಚಗೆ ಮಾಡಿದರೆ ಸಾಕು. ಮೆಂತ್ಯ ಕಪ್ಪಾಗುವಷ್ಟು ಹುರಿದರೆ ಇಡೀ ಜಾಡಿಯೇ ಕಹಿಯಾಗುತ್ತದೆ.

ತೇವದ ವಿಷಯದಲ್ಲಿ ಮಾತ್ರ ಯಾರೂ ಆತುರಪಡಬೇಡಿ. ಹೂಕೋಸನ್ನು ಉಪ್ಪು ಮತ್ತು ಅರಿಶಿನ ಬೆರೆಸಿದ ಬಿಸಿನೀರಿನಲ್ಲಿ ಕೆಲ ನಿಮಿಷ ಮುಳುಗಿಸಿ ಹುಳು ತೆಗೆದ ಮೇಲೆ, ಎಲ್ಲ ತರಕಾರಿಯನ್ನೂ ಒಣಬಟ್ಟೆಯ ಮೇಲೆ ಹರಡಿ, ಕೈಗೆ ನೀರಿನ ಪಸೆ ತಾಗದಷ್ಟು ಆರಿಸಿ, ನಂತರವೇ ಉಪ್ಪು ಬೆರೆಸಬೇಕು. ಬೆಳ್ಳುಳ್ಳಿ ಹಾಕುವವರು ಅದನ್ನು ಬರಿಯ ಎಣ್ಣೆಯಲ್ಲಿ ಹಾಕಿ ಹೊರಗಿಡಬಾರದು. ಗಾಳಿಯಿಲ್ಲದ, ಹುಳಿಯಿಲ್ಲದ ಜಾಗದಲ್ಲಿ ಬೊಟುಲಿನಮ್ ಬ್ಯಾಕ್ಟೀರಿಯಾ ವಿಷ ಉಂಟುಮಾಡಬಹುದು, ಅದು ವಾಸನೆಯಿಂದ ತಿಳಿಯುವುದಿಲ್ಲ.

ಒಗ್ಗರಣೆಯ ಎಳ್ಳೆಣ್ಣೆ ಪೂರ್ತಿ ತಣಿದ ನಂತರ ಸೇರಿಸಿ, ಪಿಂಗಾಣಿ ಅಥವಾ ಗಾಜಿನ ಜಾಡಿಯಲ್ಲಿ ತುಂಬಿಡಿ. ಮೊದಲ ವಾರ ದಿನವೂ ಒಣ ಸೌಟಿನಿಂದ ಕಲಕಿ, ಆಮೇಲೆ ಫ್ರಿಜ್‌ನಲ್ಲಿಡುವುದು ಒಳ್ಳೆಯದು. ಬೂಸ್ಟು ಕಂಡರೆ ಮೇಲಿನದನ್ನಷ್ಟೇ ತೆಗೆದು ಉಳಿದದ್ದನ್ನು ಬಡಿಸದೆ, ಪೂರ್ತಿ ಚೆಲ್ಲಿಬಿಡಿ.